ಏಳು ಜನರ ಕಲ್ಲು

ಮದ್ದೂರಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ
ಕೆರೆ ತೂಬಿನ ಪಕ್ಕ ನಿಂತಿದೆ, ಎದೆಮಟ್ಟ.
ಹುಡುಗರು ಮೀನಪ್ಪ ಅನ್ನುತ್ತಾರೆ.
ಮಳೆ ತಡವಾದ ವರ್ಷ ಯಾರೋ ಅರಿಶಿನ ಬಳಿದು
ಬಾಳೆಹಣ್ಣಿಗೆ ಊದುಬತ್ತಿ ಸಿಕ್ಕಿಸಿ ಹೋಗಿರುತ್ತಾರೆ.
ಮೀನಲ್ಲ ಅದು. ನನ್ನ ತಾತ ಕೆತ್ತಿದ ಬಾಂಬರು.

ತಾತ, ಕೆಂಪಾಚಾರಿ, ವಿಮಾನ ಕಂಡವನಲ್ಲ;
ಕಂಡಿದ್ದರೂ ಹದ್ದಿನಷ್ಟು, ಹದ್ದಿಗಿಂತ ಮೇಲೆ.
ನಿಂಗಾಜಮ್ಮ ಬಂದು "ಒಂದು ವಿಮಾನ ಕೆತ್ತಾಚಾರಿ" ಅಂದಾಗ
ಗರ್ಭಗುಡಿಯ ಮೇಲಣ ವಿಮಾನವೆಂದೇ ತಿಳಿದು
ತಳ, ಕಂಠ, ಶಿಖರ, ಸ್ತೂಪಿ ಎಂದು
ಇದ್ದಿಲಲ್ಲಿ ಗೀಟೂ ಎಳೆದಿದ್ದನಂತೆ.
"ಅದಲ್ಲ ಕಣಪ್ಪ. ನಮ್ಮ ಹೊಂಬಾಳ ಕೂತು ಓದದ್ದು."
ಮೇಷ್ಟ್ರು ಸ್ಲೇಟಿನ ಮೇಲೆ ಬರೆದು ತೋರಿಸಿದರು:
ರೆಕ್ಕೆ ಬಂದ ಸೌತೆಕಾಯಿ.
ಬರಿಮೈ ಬಿಡಲು ಕೈ ಬಾರದೆ
ತಾತ ಅದಕ್ಕೆ ಸಾಲುಸಾಲಾಗಿ ಹುರುಪೆ ಬಿಡಿಸಿದ.

ಇಂಟರ್‌ಮೀಡಿಯೆಟ್ ಪಾಸಾದ ಹೊಂಬಾಳೇಗೌಡ
ತಂತಿಯಿಲ್ಲದೆ ತಂತಿ ಕಳಿಸುವ ಕೆಲಸಕ್ಕೆ ಸೇರಿ
ಹಡಗು ಹತ್ತಿದ. ಒಂದು ರಾತ್ರಿ ಏಳು ಜನ ಹಾರಿದರು.
ಎಲ್ಲಿ ಬಿದ್ದರೆಂದು ಕಾಗದದಲ್ಲಿತ್ತು; ಆ ಊರ ಹೆಸರನ್ನು
ಮೇಷ್ಟ್ರು ಒಂದು ಸಲ ಒಂದು ಥರ ಓದಿದರು,
ಇನ್ನೊಂದು ಸಲ ಇನ್ನೊಂದು ಥರ.
ಮೈ ಸಿಗಲಿಲ್ಲ.

ಹೊಂಬಾಳನ ಹೆಸರೊಂದೇ ಸಾಕೆಂದರು ಊರವರು:
ಅಕ್ಷರಕ್ಕೆ ಒಂದಾಣೆ, ಬಿಳಿಯರಿಗೇಕೆ ನಮ್ಮ ಕಾಸು?
ಖಾದಿ ಟೋಪಿಯವರು ಮುಖ ತಿರುಗಿಸಿದರು.
ನಿಂಗಾಜಮ್ಮ ಕಿವಿಯ ಓಲೆ ಬಿಚ್ಚಿ
ಉಳಿಪೆಟ್ಟಿಗೆಯ ಮೇಲಿಟ್ಟಳು.
"ಒಂದೇ ಗಾಡೀಲಿ ಓದೋರು ಕಣಾಚಾರಿ.
ಆರು ಜನವ ದಾರೀಲಿ ಇಳಿಸ್ಬುಟ್ಟು
ನನ್ನ ಮಗನೊಬ್ಬನ್ನೇ ಎಂಗೆ ಮನೆಗೆ ಕರ್ಕೊಂಡ್ಬರ್ಲಿ?"
ಅದಕ್ಕೇ ಕಲ್ಲಿನಲ್ಲಿವೆ: ಪ್ರೈಸು, ಹಾಲಿಡೆ, ಮ್ಯಾಕ್ಲೀನು,
ಇಬ್ಬರು ಜಾಕು, ಒಬ್ಬ ಓವನ್ನು.
(ಓವನ್ನನ್ನು ತಾತ ಓಬಣ್ಣ ಎಂದು ಕೆತ್ತಿದ.
ಯಾರೂ ತಿದ್ದಿಲ್ಲ.)

ತೊಡಕು ಆಮೇಲೆ ಬಂತು.
ವೀರಗಲ್ಲನ್ನು ಕೆಳಗಿನಿಂದ ಓದಬೇಕು:
ಕೆಳಗೆ ಕಾಳಗ, ತುರು ಕದ್ದವರು, ಬಿಲ್ಲು;
ನಡುವೆ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು;
ತುದಿಯಲ್ಲಿ ಲಿಂಗ, ನಂದಿ, ಸೂರ್ಯ, ಚಂದ್ರ.
ಇವರೋ ಮೊದಲೇ ಮೇಲಿದ್ದವರು.
ಅಪ್ಸರೆಯರು ಎಲ್ಲಿ ನಿಂತು ಕಾಯಬೇಕು?
ಮೂರು ದಿನ ತಾತ ಎಲೆಯಡಿಕೆ ಅಗಿಯುತ್ತ ಕೂತ.
ಕೊನೆಗೆ ವಿಮಾನವನ್ನು ನಂದಿಯ ಪಕ್ಕಕ್ಕೇ ಏರಿಸಿ
ನಡುವೆ ಏಳು ಜನರನ್ನು ಕೈಮುಗಿಸಿ ಕೂರಿಸಿ
ಅಪ್ಸರೆಯರನ್ನು, ಜಾಗ ಸಾಲದೆ ಇಬ್ಬರನ್ನೇ,
ತಲೆಕೆಳಗಾಗಿ ಇಳಿಯುವಂತೆ ಬಿಡಿಸಿದ.

ಕೆಳಗಿನ ಪಟ್ಟಿಕೆ ಉಳಿಯಿತು.
"ಅಲ್ಲೇನು ಮಾಡ್ಲವ್ವಾ?"
ನಿಂಗಾಜಮ್ಮ ಬಹಳ ಹೊತ್ತು ಮಾತಾಡಲಿಲ್ಲವಂತೆ.
"ಇವ್ರು ಮ್ಯಾಲಿಂದ ಎತ್ತಾಕ್ತಿದ್ರಲ್ಲ,
ಕೆಳ್ಗೆ ಯಾರಿದ್ರು?"
ಕಾಗದದಲ್ಲಿ ಇರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ.
"ಗೊತ್ತಾಗೋಗಂಟ ಅಂಗೇ ಬುಡು."

ಹಾಗೇ ಇದೆ.
ಬದುಕಿರುವವರೆಗೂ ಅಮಾವಾಸ್ಯೆಗೆ ಎಣ್ಣೆ ತಂದು
ಮಗನ ಹೆಸರಿಗೆ ಬೆರಳಿಂದ ಒಂದು ಬೊಟ್ಟಿಟ್ಟು
ಹಣತೆಯನ್ನು ಮಾತ್ರ ಆ ಬರಿದಿನ ಮುಂದಿಡುತ್ತಿದ್ದಳು.
ಹೊಗೆಯ ಕಲೆ ಈಗಲೂ ಉಂಟು, ಅಂಗೈಯಗಲ.

ಹೆದ್ದಾರಿ ಪಕ್ಕ ನನ್ನದು ಗ್ರಾನೈಟ್ ಅಂಗಡಿ:
ಅಡುಗೆ ಕಟ್ಟೆ, ಸಮಾಧಿ, ಹೊಸ ಮನೆಗಳ ನಾಮಫಲಕ.
ಕಂಪ್ಯೂಟರ್ ಹೇಳಿದ ಅಕ್ಷರವನ್ನು ಯಂತ್ರ ಕೊರೆಯುತ್ತದೆ.
ಹೋದ ತಿಂಗಳು ಪಂಚಾಯ್ತಿಯವರು ಬಂದರು:
ಸುತ್ತ ಟೈಲ್ಸ್, ಗ್ರಿಲ್ಲು, ಮೇಲೊಂದು ತಗಡು. ಒಳ್ಳೆಯದೇ.
"ಕೆಳಗಡೆ ಖಾಲಿ ಬಿದ್ದದೆ. ಮೆಂಬರುಗಳ ಹೆಸರು ಹಾಕ್ಬುಡು."

ಟೇಪು ಹಿಡಿದು ಅಳೆದೆ. ಬೆರಳಿಗೆ ಮಸಿ.
"ಅಲ್ಲಿ ಬಿರುಕು ಬಿಟ್ಟದೆ, ಮಿಷನ್ ಇಟ್ರೆ ಒಡೀತದೆ" ಅಂದೆ.

ಬಿರುಕಿಲ್ಲ.
ತನ್ನ ಕಲ್ಲಿಗೆ ಇಲ್ಲದ ಬಿರುಕು ಕಟ್ಟಿದ್ದಕ್ಕೆ
ತಾತ ಇದ್ದಿದ್ದರೆ ಸುತ್ತಿಗೆಯ ಕಾವಿನಿಂದ ತಲೆಗೆ ಮೊಟಕುತ್ತಿದ್ದ,
ಬಹುಶಃ ಒಂದೇ ಸಲ,
ಮೆಲ್ಲಗೆ.